ಜುಲೆಪ್ ಮಾಡಬೇಕೋ, ಸ್ಮ್ಯಾಶ್ ಮಾಡಬೇಕೋ? ಮೊದಲು ಫ್ರೀಜರ್ ತೆಗೆದು ನೋಡಿ

ಮನೆಯಲ್ಲಿ ಒಂದು ಬಾಟಲಿ ವಿಸ್ಕಿ ಇದೆ. ಒಂದು ಕಟ್ಟು ಪುದೀನ ಬಂದಿದೆ. ಸರಿ, ಮಿಂಟ್ ಜುಲೆಪ್ ಮಾಡಿಬಿಡೋಣ ಎಂದು ಹೊರಡುವವರೇ ಹೆಚ್ಚು, ಯಾಕೆಂದರೆ ಹೆಸರು ಕೇಳಿರುವುದು ಅದೊಂದೇ. ಸ್ವಲ್ಪ ತಡೆಯಿರಿ. ಬಾಟಲಿಯ ಮುಚ್ಚಳ ತಿರುಗಿಸುವ ಮೊದಲು ಫ್ರೀಜರಿನ ಬಾಗಿಲು ತೆಗೆದು ನೋಡಿ. ಅಲ್ಲಿ ಐಸಿನ ಟ್ರೇ ಒಂದೇ ಇದ್ದು, ಕುಡಿಯುವವರು ಮೂವರಿದ್ದರೆ, ಲೋಟದ ತುಂಬ ಪುಡಿ ಐಸ್ ಬೇಡುವ ಜುಲೆಪ್ ಇವತ್ತಿನ ಮಾತಲ್ಲ.

ಪುದೀನ ಮತ್ತು ವಿಸ್ಕಿ ಸೇರುವ ಪಾನೀಯಗಳು ಹತ್ತಾರು ಇವೆ. ಪಾಕವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲವೂ ಒಂದೇ ತರಹ ಕಾಣುತ್ತವೆ: ವಿಸ್ಕಿ, ಪುದೀನ, ಸಕ್ಕರೆ, ಐಸ್. ಬಾಯಿಗಿಟ್ಟಾಗ ಮಾತ್ರ ಅಜಗಜಾಂತರ. ನನ್ನ ಅನುಭವದಲ್ಲಿ ಈ ಅಂತರಕ್ಕೆ ಕಾರಣ ಎರಡೇ. ಒಂದು, ಲೋಟದೊಳಗೆ ಹುಳಿ ಇದೆಯೋ ಇಲ್ಲವೋ. ಇನ್ನೊಂದು, ನೀರು ಎಲ್ಲಿಂದ ಬರುತ್ತದೆ: ಲೋಟದಲ್ಲೇ ಕರಗುವ ಐಸಿನಿಂದಲೋ, ಶೇಕರಿನಲ್ಲಿ ಕುಲುಕಿದಾಗ ಒಡೆಯುವ ಐಸಿನಿಂದಲೋ, ಸೋಡಾ ಬಾಟಲಿಯಿಂದಲೋ. ಯಾವ ಬ್ರ್ಯಾಂಡಿನ ವಿಸ್ಕಿ ಎಂಬ ಪ್ರಶ್ನೆ ಇವೆರಡಾದ ಮೇಲೆ.

ಅವಸರದಲ್ಲಿರುವವರಿಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಮನೆಯ ತುಂಬ ಐಸ್, ಕೈಯಲ್ಲಿ ಗಟ್ಟಿ ಬರ್ಬನ್ (ಮೆಕ್ಕೆಜೋಳದ ಅಮೆರಿಕನ್ ವಿಸ್ಕಿ), ಅರ್ಧ ಗಂಟೆ ಕೂತು ಕುಡಿಯುವ ತಾಳ್ಮೆ ಇದ್ದರೆ ಜುಲೆಪ್. ಒಂದು ಲೆಮನ್ (ದೊಡ್ಡ ಹಳದಿ ನಿಂಬೆ), ಒಂದು ಶೇಕರ್, ಸಾಧಾರಣ ವಿಸ್ಕಿ ಇದ್ದರೆ ಲೆಮನ್ ಜಜ್ಜಿ ಕುಲುಕುವ ಸ್ಮ್ಯಾಶ್. ವಿಸ್ಕಿಯೆಂದರೆ ಮುಖ ಸಿಂಡರಿಸುವವರು ಜೊತೆಗಿದ್ದರೆ ಸೌತೆಕಾಯಿ ಹಾಕುವ ಕೆಂಟಕಿ ಮೇಡ್. ಏನೂ ತಯಾರಿಯಿಲ್ಲ, ಬಾಯಾರಿಕೆ ಮಾತ್ರ ಇದೆ ಎಂದರೆ ಸೋಡಾ ಅಥವಾ ಜಿಂಜರ್ ಬಿಯರ್ (ಶುಂಠಿಯ ಸೋಡಾ) ಹಾಕಿದ ಉದ್ದ ಲೋಟ. ಮೊದಲ ಸಲ ಮಾಡುತ್ತಿದ್ದೀರಾದರೆ ಮರುಯೋಚನೆಯಿಲ್ಲದೆ ಸ್ಮ್ಯಾಶ್ ಮಾಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಪುದೀನದ ವಿಚಾರ

ಪುದೀನದಲ್ಲಿ ಈ ಕೆಲಸಕ್ಕೆ ಬರುವ ಜಾತಿ ಸ್ಪಿಯರ್‌ಮಿಂಟ್. ಅದರ ಪರಿಮಳ ಮುಖ್ಯವಾಗಿ ಕಾರ್ವೋನ್ ಎಂಬ ಅಣುವಿನದು. ಮೃದು, ತುಸು ಸಿಹಿ, ಹಸಿರು ವಾಸನೆ. ಪೆಪ್ಪರ್‌ಮಿಂಟ್ ಬೇರೆ. ಸ್ಪಿಯರ್‌ಮಿಂಟ್ ಮತ್ತು ನೀರಿನಂಚಿನಲ್ಲಿ ಬೆಳೆಯುವ ವಾಟರ್‌ಮಿಂಟ್ ಬೆರೆತು ಹುಟ್ಟಿದ ಮಿಶ್ರತಳಿ ಅದು, ಅದರ ತುಂಬ ಮೆಂಥಾಲ್. ಮೆಂಥಾಲ್ ನಾಲಿಗೆಯಲ್ಲಿ ತಣ್ಣಗಿನ ಅನುಭವ ಕೊಡುವ ನರಗಳನ್ನೇ ಕೆಣಕುವುದರಿಂದ, ವಿಸ್ಕಿಯ ಜೊತೆ ಸೇರಿದಾಗ ಹಲ್ಲುಜ್ಜಿದ ಮೇಲೆ ಕುಡಿದಂತಾಗುತ್ತದೆ. ಎಲೆಯೊಂದನ್ನು ಬೆರಳಲ್ಲಿ ತಿಕ್ಕಿ ಮೂಸಿ. ಮೂಗು ತಣ್ಣಗಾದರೆ ಅದನ್ನು ಚಹಾಕ್ಕೆ ಇಟ್ಟುಕೊಳ್ಳಿ.

ಒಂದು ಅಡ್ಡಮಾತು. ಕಾರ್ವೋನ್ ಅಣುವಿಗೆ ಎಡಗೈ, ಬಲಗೈಯಂತೆ ಎರಡು ರೂಪಗಳಿವೆ. ಒಂದು ರೂಪ ಸ್ಪಿಯರ್‌ಮಿಂಟಿನ ವಾಸನೆ. ಅದರದೇ ಕನ್ನಡಿ ಬಿಂಬ ಸಬ್ಬಸಿಗೆ ಬೀಜದ ವಾಸನೆ. ಅದೇ ಪರಮಾಣುಗಳು, ಅದೇ ಸಂಖ್ಯೆ, ತಿರುಗಿ ಕೂತಿವೆ ಅಷ್ಟೆ. ಮೂಗು ಇಷ್ಟು ಸೂಕ್ಷ್ಮವಾಗಿರುವಾಗ ಎಲೆಯನ್ನು ಹೇಗೆ ಮುಟ್ಟುತ್ತೇವೆ ಎಂಬುದೂ ಲೆಕ್ಕಕ್ಕೆ ಬರದೆ ಇರುತ್ತದೆಯೇ?

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ನಾನು ಮೊದಲ ಸಲ ಜುಲೆಪ್ ಮಾಡಿದಾಗ ಪುದೀನವನ್ನು ಕಲ್ಲಿನಲ್ಲಿ ಹಾಕಿ ನುಣ್ಣಗೆ ಅರೆದೆ. ಜಾಸ್ತಿ ಅರೆದರೆ ಜಾಸ್ತಿ ಪರಿಮಳ ಎಂಬ ಲೆಕ್ಕಾಚಾರ. ಬಂದದ್ದು ಕೆರೆಯ ಪಾಚಿಯ ಬಣ್ಣದ, ಹುಲ್ಲು ಅಗಿದಂಥ ಕಹಿಯ ಒಂದು ದ್ರವ. ಐದೇ ನಿಮಿಷದಲ್ಲಿ ಅದು ಕಂದುಬಣ್ಣಕ್ಕೂ ತಿರುಗಿತು. ಪುದೀನದ ಎಣ್ಣೆ ಎಲೆಯ ಒಳಗಿಲ್ಲ, ಮೈಮೇಲೆ ಇದೆ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ. ಆ ಗುಳ್ಳೆ ಒಡೆಯಲು ಹಗುರವಾಗಿ ಒತ್ತಿದರೆ ಸಾಕು. ಇನ್ನೂ ಒಳಕ್ಕೆ ಹೋದರೆ ಸಿಗುವುದು ಎಲೆಯ ಹಸಿರು ರಸ, ಅದರ ಕಹಿ. ಅಂಗೈ ಮೇಲೆ ಎಲೆಯಿಟ್ಟು ಇನ್ನೊಂದು ಅಂಗೈಯಿಂದ ಒಮ್ಮೆ ಚಪ್ಪಾಳೆ ತಟ್ಟುವುದನ್ನು ನೋಡಿ ಬಾರಿನವರ ಶೋಕಿ ಎಂದುಕೊಂಡಿದ್ದೆ. ಅಲ್ಲ, ಅದೇ ಸರಿಯಾದ ಅಳತೆ.

ಜುಲೆಪ್: ಮೂಗಿನಿಂದ ಕುಡಿಯುವ ಪಾನೀಯ

ಜುಲೆಪ್ ಎಂಬ ಹೆಸರು ಕೇಳಿದರೆ ಅಮೆರಿಕದ ದಕ್ಷಿಣ ಸೀಮೆ ನೆನಪಾಗುತ್ತದೆ. ಆದರೆ ಆ ಪದ ನಮ್ಮ ಗುಲಾಬಿಯ ದಾಯಾದಿ. ಪಾರಸಿ ಭಾಷೆಯ ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು. ಅದು ಅರಬ್ಬಿಗೆ ಹೋಗಿ ಜುಲಾಬ್ ಆಯಿತು, ಲ್ಯಾಟಿನ್ ಮತ್ತು ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ಜುಲೆಪ್ ಆಯಿತು. ಬಹುಕಾಲ ಅದರ ಅರ್ಥ ಕಹಿ ಔಷಧವನ್ನು ನುಂಗಿಸಲು ಕೊಡುವ ಸಿಹಿ ಪಾಕ ಎಂದೇ ಇತ್ತು. 1803ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪ್ರವಾಸ ಕಥನ, ವರ್ಜೀನಿಯಾದ ಜನ ಬೆಳಗಾಗೆದ್ದು ಪುದೀನ ನೆನೆಸಿದ ಮದ್ಯವನ್ನು ಕುಡಿಯುತ್ತಾರೆ ಎಂದು ಬರೆದಿದೆ. ಬೆಳಿಗ್ಗೆಯೇ! ಔಷಧದ ನೆಪ ಆಗಲೂ ಕೈಗೊದಗಿರಬೇಕು.

ಅದರಲ್ಲಿ ಬರ್ಬನ್ನೇ ಇರಬೇಕೆಂಬ ಹಟವೂ ಹಳೆಯದಲ್ಲ. ಜೆರಿ ಥಾಮಸ್ 1862ರಲ್ಲಿ ಹೊರತಂದ ಬಾರ್ ಕೈಪಿಡಿಯಲ್ಲಿ ಮಿಂಟ್ ಜುಲೆಪ್ಪಿಗೆ ಹಾಕುವುದು ಕೊನ್ಯಾಕ್ ಬ್ರಾಂದಿ. ವಿಸ್ಕಿ ಜುಲೆಪ್ ಎಂಬುದು ಅದರ ಬಡ ತಮ್ಮನಂತೆ ಬೇರೆಯಾಗಿ ಬರುತ್ತದೆ. ಕೆಂಟಕಿಯ ಸೆನೆಟರ್ ಹೆನ್ರಿ ಕ್ಲೇ ಬರ್ಬನ್ ಜುಲೆಪ್ಪನ್ನು ರಾಜಧಾನಿ ವಾಷಿಂಗ್ಟನ್ನಿಗೆ ಒಯ್ದ ಎಂಬ ಕಥೆ ಇದೆ. ಆ ಬಡ ತಮ್ಮ ಬ್ರಾಂದಿಯ ಅಣ್ಣನನ್ನು ಪೂರ್ತಿ ಮರೆಸಿದ್ದಕ್ಕೆ ಕುದುರೆ ಓಟವೂ ಕಾರಣ: 1875ರಲ್ಲಿ ಶುರುವಾದ ಕೆಂಟಕಿ ಡರ್ಬಿಯ ಮೈದಾನ ಚರ್ಚಿಲ್ ಡೌನ್ಸ್, 1938ರಿಂದ ಮಿಂಟ್ ಜುಲೆಪ್ಪನ್ನು ತನ್ನ ಪಾನೀಯವಾಗಿ ಮಾಡಿಕೊಂಡಿತು. ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಬರ್ಬನ್ ಇಲ್ಲದಿದ್ದರೆ ಜುಲೆಪ್ ಆಗುವುದೇ ಇಲ್ಲ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. 45 ಮಿ.ಲೀ. ಕೊನ್ಯಾಕ್ ಮತ್ತು 15 ಮಿ.ಲೀ. ರೈ ವಿಸ್ಕಿ (ರೈ ಎಂಬ ಧಾನ್ಯದ್ದು) ಸೇರಿಸಿ ಮಾಡುವ ಪ್ರಿಸ್ಕ್ರಿಪ್ಷನ್ ಜುಲೆಪ್ ಎಂಬ ಹಳೆಯ ಬಗೆಯೊಂದಿದೆ; ಬರ್ಬನ್ ಜುಲೆಪ್ಪಿಗಿಂತ ಅದೇ ರುಚಿ ಎಂದು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಮಾಡುವ ರೀತಿ ಸರಳ, ಆದರೆ ಸಡಿಲ ಬಿಡುವಂತಿಲ್ಲ. ಎಂಟು ಹತ್ತು ಎಲೆಗಳನ್ನು ಲೋಟದ ತಳದಲ್ಲಿ 10 ಮಿ.ಲೀ. ಸಕ್ಕರೆ ಪಾಕದೊಂದಿಗೆ ಹಾಕಿ, ಮರದ ಚಮಚದ ಹಿಂಬದಿಯಿಂದ ನಾಲ್ಕೈದು ಸಲ ಒತ್ತಿ. ಎಲೆ ಹರಿಯಬಾರದು, ಮುದುಡಿದರೆ ಸಾಕು. ಒತ್ತಿದ ಎಲೆಯನ್ನು ಲೋಟದ ಒಳಮೈಗೆಲ್ಲ ಸವರಿ. 60 ಮಿ.ಲೀ. ಬರ್ಬನ್ ಹಾಕಿ. ಅರ್ಧ ಲೋಟ ಪುಡಿ ಐಸ್ ತುಂಬಿ, ಹೊರಮೈ ಮಂಜಾಗುವವರೆಗೆ ಉದ್ದ ಚಮಚದಿಂದ ಕಲಕಿ. ಮತ್ತೆ ಐಸ್ ತುಂಬಿ, ಲೋಟದ ಅಂಚು ಮೀರಿ ಗುಡ್ಡೆಯಾಗಲಿ. ಕೊನೆಗೆ ಪುದೀನದ ದೊಡ್ಡ ಗೊಂಚಲೊಂದನ್ನು ಅಂಗೈಗೆ ತಟ್ಟಿ, ಐಸಿನಲ್ಲಿ ಸಿಗಿಸಿ. ಸ್ಟ್ರಾ ಗೊಂಚಲಿನ ಪಕ್ಕದಲ್ಲೇ ಇರಬೇಕು, ಗಿಡ್ಡ ಇರಬೇಕು. ಕುಡಿಯಲು ಬಗ್ಗಿದಾಗ ಮೂಗು ಪುದೀನದೊಳಗೆ ಹೂತುಹೋಗಬೇಕು. ಲೋಟದೊಳಗಿನ ಪುದೀನಕ್ಕಿಂತ ಮೇಲಿನ ಪುದೀನವೇ ಈ ಪಾನೀಯದ ಜೀವ. ಅಲಂಕಾರ ಎಂದು ಅದನ್ನು ಬಿಟ್ಟವರು ಕುಡಿಯುವುದು ಸಿಹಿ ಹಾಕಿದ ವಿಸ್ಕಿ ಮಾತ್ರ.

ಸ್ಟ್ರಾ ಎಂದಾಗ ನೆನಪಾಯಿತು. ಮಾರ್ವಿನ್ ಸ್ಟೋನ್ ಎಂಬಾತ 1888ರಲ್ಲಿ ಕಾಗದದ ಸ್ಟ್ರಾಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಬಳಕೆಯಲ್ಲಿದ್ದದ್ದು ರೈ ಹುಲ್ಲಿನ ಟೊಳ್ಳು ಕಡ್ಡಿ. ಆ ಹುಲ್ಲಿನ ವಾಸನೆ ತನ್ನ ಜುಲೆಪ್ಪನ್ನು ಕೆಡಿಸುತ್ತದೆಂಬ ಸಿಟ್ಟಿನಲ್ಲೇ ಆತ ಪೆನ್ಸಿಲ್ಲಿಗೆ ಕಾಗದ ಸುತ್ತಿ ನೋಡಿದನಂತೆ. ಕಥೆ ನಿಜವೋ ಪೋಣಿಸಿದ್ದೋ, ಜುಲೆಪ್ ಕುಡಿಯುವವನ ಸಿಟ್ಟು ಮಾತ್ರ ನನಗೆ ಅರ್ಥವಾಗುತ್ತದೆ.

ಈಗ ಐಸ್. ಜುಲೆಪ್ಪಿನ ಗೆಲುವು ಸೋಲು ಎರಡೂ ಇಲ್ಲೇ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣ್ಣಗಾಗಿಸಲು ಅದರಿಂದ ತೆಗೆಯಬೇಕಾದ ಶಾಖ 4.2 ಜೂಲ್. ಒಂದು ಗ್ರಾಂ ಐಸ್ ಕರಗುವಾಗ ಹೀರಿಕೊಳ್ಳುವುದು 334 ಜೂಲ್. ಅಂದರೆ ತಂಪು ಬರುವುದು ಐಸ್ ತಣ್ಣಗಿದೆ ಎಂಬುದರಿಂದಲ್ಲ, ಅದು ಕರಗುತ್ತದೆ ಎಂಬುದರಿಂದ. ನೀರು ಸೇರದೆ ತಂಪಾಗಬೇಕು ಎಂಬ ಆಸೆ ಈಡೇರುವುದಿಲ್ಲ. ಪುಡಿ ಐಸಿಗೆ ಮೈ ಜಾಸ್ತಿ, ಆದ್ದರಿಂದ ಬೇಗ ಕರಗುತ್ತದೆ, ಬೇಗ ತಂಪು ಮಾಡುತ್ತದೆ. ಜುಲೆಪ್ಪಿಗೆ ಬೇಕಾಗಿರುವುದು ಅದೇ. ಆದರೆ ಐಸ್ ಒಣಗಿರಬೇಕು. ಮಿಕ್ಸರಿನಲ್ಲಿ ಪುಡಿ ಮಾಡಿದರೆ ಅರ್ಧ ಅಲ್ಲೇ ನೀರಾಗುತ್ತದೆ; ಆ ನೀರು ತಂಪನ್ನು ಮಿಕ್ಸರಿಗೆ ಕೊಟ್ಟು, ಬರಿ ನೀರಾಗಿ ನಿಮ್ಮ ಲೋಟಕ್ಕೆ ಬರುತ್ತದೆ. ಬಾರುಗಳಲ್ಲಿ ದಪ್ಪ ಕ್ಯಾನ್ವಾಸಿನ ಚೀಲಕ್ಕೆ ಐಸ್ ಹಾಕಿ ಮರದ ಸುತ್ತಿಗೆಯಿಂದ ಬಡಿಯುತ್ತಾರೆ, ಬಟ್ಟೆ ತೇವವನ್ನು ಹೀರಿಕೊಳ್ಳುತ್ತದೆ. ಮನೆಯಲ್ಲಿ ದಪ್ಪ ಹತ್ತಿ ಟವೆಲ್ ಮತ್ತು ಲಟ್ಟಣಿಗೆ ಸಾಕು. ಪುಡಿ ಮಾಡಿದ ಮೇಲೆ ಹತ್ತು ನಿಮಿಷ ಮತ್ತೆ ಫ್ರೀಜರಿನಲ್ಲಿಡಿ.

ಲೋಹದ ಲೋಟ ಬೇಕೇ ಬೇಕೆ? ಬೆಳ್ಳಿಯದೇ ಆಗಬೇಕಿಲ್ಲ, ಸ್ಟೀಲ್ ಲೋಟ ಚೆನ್ನಾಗಿಯೇ ನಡೆಯುತ್ತದೆ. ಲೋಹದಲ್ಲಿ ಶಾಖ ಸರಾಗವಾಗಿ ಹರಿಯುವುದರಿಂದ ಹೊರಮೈ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಗಾಳಿಯ ತೇವ ಅದರ ಮೇಲೆ ಬಿಳಿ ಹಿಮವಾಗಿ ಕೂರುತ್ತದೆ. ಲೋಟದ ಹೊರಮೈಯನ್ನು ಮೊದಲೇ ಒರೆಸಿಡಿ, ಹಿಡಿಯುವಾಗ ಅಂಚು ಅಥವಾ ತಳವನ್ನಷ್ಟೇ ಹಿಡಿಯಿರಿ. ಅಂಗೈ ಇಟ್ಟರೆ ಹಿಮ ಹೋಯಿತು, ಐಸೂ ಹೋಯಿತು. ಗಾಜಿನ ಲೋಟದಲ್ಲೂ ರುಚಿಗೆ ಮೋಸವಿಲ್ಲ, ನೋಟ ಸ್ವಲ್ಪ ಸಪ್ಪೆ ಅಷ್ಟೆ.

ಇಷ್ಟಾದ ಮೇಲೂ ಜುಲೆಪ್ ಎಲ್ಲರಿಗೂ ಹಿಡಿಸುವುದಿಲ್ಲ ಎಂದು ಹೇಳಲೇಬೇಕು. ಲೆಕ್ಕ ಹಾಕಿ ನೋಡಿ. 50 ಶೇಕಡಾ ಗಟ್ಟಿಯ ಬರ್ಬನ್ 60 ಮಿ.ಲೀ., ಪಾಕ 10 ಮಿ.ಲೀ.; ಮೊದಲ ಗುಟುಕಿನಲ್ಲಿ ಮದ್ಯದ ಪ್ರಮಾಣ 40ರ ಆಚೀಚೆ. 40 ಮಿ.ಲೀ. ನೀರು ಕರಗಿ ಸೇರಿದ ಮೇಲೂ ಅದು ಸುಮಾರು 27 ಶೇಕಡಾ. ಹುಳಿಯಿಲ್ಲ, ನೊರೆಯಿಲ್ಲ, ಮರೆಮಾಚಲು ಏನೂ ಇಲ್ಲ. ಮೊದಲ ಗುಟುಕು ಗಂಟಲು ಸುಡುತ್ತದೆ, ನಡುವಿನ ಹತ್ತು ನಿಮಿಷ ಸ್ವರ್ಗ, ಕೊನೆಗೆ ಪುದೀನ ನೀರು. ಆ ನಡುವಿನ ಹತ್ತು ನಿಮಿಷಕ್ಕಾಗಿ ಕಾಯಬಲ್ಲವರಿಗೆ ಮಾತ್ರ ಜುಲೆಪ್. 40 ಶೇಕಡಾದ ವಿಸ್ಕಿ ಹಾಕಿದರೆ ಆ ನಡುಗಾಲವೇ ಬರುವುದಿಲ್ಲ, ಗುಡ್ಡೆ ಐಸಿನ ಮುಂದೆ ಅದು ಬೇಗ ಸೋಲುತ್ತದೆ. 45ಕ್ಕಿಂತ ಮೇಲಿನದು ಇದ್ದರೆ ಮಾತ್ರ ಕೈಹಾಕಿ.

ಸ್ಮ್ಯಾಶ್: ಮನೆಯ ಅಡುಗೆಮನೆಗೆ ಹೇಳಿ ಮಾಡಿಸಿದ್ದು

ಜೆರಿ ಥಾಮಸನ ಮಾತಿನಲ್ಲಿ ಸ್ಮ್ಯಾಶ್ ಎಂದರೆ ಸಣ್ಣ ಪ್ರಮಾಣದ ಜುಲೆಪ್, ಅಷ್ಟೇ. ಆಗ ಅದರಲ್ಲಿ ಹುಳಿ ಇರಲಿಲ್ಲ. ನಾವಿಂದು ಸ್ಮ್ಯಾಶ್ ಎನ್ನುವ ಪಾನೀಯದಲ್ಲಿ ಲೆಮನ್ ಇದೆ, ಅದನ್ನು ಸಿಪ್ಪೆಯ ಸಮೇತ ಜಜ್ಜಿ ಮಾಡುತ್ತಾರೆ. ನ್ಯೂಯಾರ್ಕಿನ ಬಾರ್ಟೆಂಡರ್ ಡೇಲ್ ಡಿಗ್ರಾಫ್ ಈ ರೂಪವನ್ನು ಮತ್ತೆ ಚಲಾವಣೆಗೆ ತಂದವರು. ಹೆಸರು ಹಳೆಯದು, ಪಾನೀಯ ಹೊಸದು.

ಅರ್ಧ ಲೆಮನ್ನನ್ನು ನಾಲ್ಕು ಹೋಳು ಮಾಡಿ ಶೇಕರಿಗೆ ಹಾಕಿ. 20 ಮಿ.ಲೀ. ಸಕ್ಕರೆ ಪಾಕ ಸುರಿದು, ಇಲ್ಲಿ ಮಾತ್ರ ಧೈರ್ಯವಾಗಿ ಜಜ್ಜಿ. ರಸದ ಜೊತೆಗೆ ಸಿಪ್ಪೆಯ ಎಣ್ಣೆಯೂ ಬಿಡಬೇಕು. ಬಾಟಲಿಯ ರಸಕ್ಕೆ ಎಂದೂ ಬಾರದ ಘಮ ಅದು. ಆಮೇಲೆ ಎಂಟು ಪುದೀನ ಎಲೆ ಹಾಕಿ ಒಂದೆರಡು ಸಲ ಮೆಲ್ಲಗೆ ಒತ್ತಿ. ಈ ಕ್ರಮ ತಪ್ಪಬೇಡಿ. ಲೆಮನ್ ಜೊತೆಗೇ ಪುದೀನ ಹಾಕಿದರೆ ಲೆಮನ್ನಿಗೆ ಬೀಳಬೇಕಾದ ಪೆಟ್ಟು ಪುದೀನಕ್ಕೂ ಬೀಳುತ್ತದೆ. 60 ಮಿ.ಲೀ. ವಿಸ್ಕಿ, ಶೇಕರ್ ತುಂಬ ಐಸ್, ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ. ಐಸ್ ಇರುವ ಗಿಡ್ಡ ಲೋಟಕ್ಕೆ ಎರಡು ಸಲ ಸೋಸಿ: ಶೇಕರಿನ ಜಾಲರಿ ಒಂದು, ಚಹಾ ಸೋಸುವ ಜರಡಿ ಇನ್ನೊಂದು. ಜರಡಿ ಇಲ್ಲದೆ ಸುರಿದರೆ ಚೂರಾದ ಎಲೆ ಹಲ್ಲಿಗೆ ಅಂಟಿಕೊಂಡು, ಹೊರಟುಹೋಗುವವರೆಗೂ ಯಾರೂ ನಿಮಗೆ ಹೇಳುವುದಿಲ್ಲ.

ಜುಲೆಪ್ಪಿನೊಂದಿಗೆ ಹೋಲಿಸಿದರೆ ಇದರಲ್ಲಿ ತಪ್ಪು ಮಾಡಲು ಜಾಗ ಹೆಚ್ಚು, ಅಂದರೆ ತಪ್ಪು ಮಾಡಿದರೂ ನಡೆಯುತ್ತದೆ. ಐಸ್ ಸಾಮಾನ್ಯ ಟ್ರೇಯದ್ದೇ ಆಗಬಹುದು, ಶೇಕರಿಗೊಂದು ಟ್ರೇ ಮುಗಿದರೂ ಲೋಟಕ್ಕೆ ನಾಲ್ಕು ತುಂಡು ಸಾಕು. ಹುಳಿಯೂ ಸಿಹಿಯೂ ಒಂದನ್ನೊಂದು ತಡೆಯುವುದರಿಂದ ಸಾಧಾರಣ ವಿಸ್ಕಿಯ ಒರಟು ಅಂಚು ಕಾಣುವುದಿಲ್ಲ. ಕುಲುಕುವಾಗಲೇ ಬೇಕಾದ ನೀರು ಸೇರಿಹೋಗಿರುತ್ತದೆ, ಆದ್ದರಿಂದ ಮೊದಲ ಗುಟುಕೂ ಐದನೆಯ ಗುಟುಕೂ ಹೆಚ್ಚುಕಡಿಮೆ ಒಂದೇ. 45 ಶೇಕಡಾದ ವಿಸ್ಕಿಯಲ್ಲಿ ಮಾಡಿದ ಸ್ಮ್ಯಾಶ್ ಲೋಟಕ್ಕೆ ಬರುವಷ್ಟರಲ್ಲಿ ಸುಮಾರು 20 ಶೇಕಡಾಕ್ಕೆ ಇಳಿದಿರುತ್ತದೆ. ಶೇಕರ್ ಇಲ್ಲವೇ? ಗಟ್ಟಿ ಮುಚ್ಚಳದ ಅಗಲಬಾಯಿಯ ಜಾಡಿ ಸಾಕು.

ಇದಕ್ಕೂ ಒಂದು ದೋಷವಿದೆ. ಲೆಮನ್ನಿನ ಬಿಳಿ ತಿರುಳು ದಪ್ಪಗಿದ್ದರೆ ಜಜ್ಜಿದಾಗ ಕಹಿ ಬಿಡುತ್ತದೆ, ಆ ಕಹಿ ಐದು ನಿಮಿಷ ಕಳೆದ ಮೇಲೆ ನಾಲಿಗೆಗೆ ಸಿಗುತ್ತದೆ. ತೆಳು ಸಿಪ್ಪೆಯ ಹಣ್ಣನ್ನೇ ಆರಿಸಿ. ಲೆಮನ್ ಬದಲು ಲೈಮ್ (ನಮ್ಮ ಸಣ್ಣ ನಿಂಬೆ) ಹಾಕಬಹುದೇ ಎಂದು ಕೇಳುವವರು ಬಹಳ. ಎರಡರಲ್ಲೂ ಸಿಟ್ರಿಕ್ ಆಮ್ಲ ಹೆಚ್ಚುಕಡಿಮೆ ಒಂದೇ, ನೂರಕ್ಕೆ ಐದಾರು ಪಾಲು, ಹಾಗಾಗಿ ಅಳತೆ ಬದಲಿಸಬೇಕಿಲ್ಲ. ಆದರೆ ಲೈಮಿನ ಸಿಪ್ಪೆ ಜಜ್ಜಿದರೆ ಕಹಿ ಎದ್ದು ನಿಲ್ಲುತ್ತದೆ. ಬರ್ಬನ್ನಿನ ವೆನಿಲಾ ವಾಸನೆಗೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಲೈಮ್ ಮಾತ್ರ ಸಿಕ್ಕಿದರೆ ರಸ ಹಿಂಡಿ 20 ಮಿ.ಲೀ. ಹಾಕಿ, ಸಿಪ್ಪೆ ಬಿಡಿ.

ಸ್ಮ್ಯಾಶ್ ರೂಪ ಬದಲಿಸಲು ಸುಲಭವಾಗಿ ಒಗ್ಗುತ್ತದೆ. ಮಾಗಿದ ಪೀಚಿನ ಎರಡು ಹೋಳು, ಇಲ್ಲವೇ ಐದಾರು ಬ್ಲ್ಯಾಕ್‌ಬೆರಿ ಲೆಮನ್ ಜೊತೆ ಜಜ್ಜಬಹುದು. ಹಣ್ಣು ಸಿಹಿಯಿದ್ದರೆ ಪಾಕವನ್ನು 15 ಮಿ.ಲೀ.ಗೆ ಇಳಿಸಿ. ಪಾಕದ ಬದಲು ಜೇನು ಹಾಕುವುದಾದರೆ ಅದನ್ನು ಮೊದಲು ಬಿಸಿನೀರಲ್ಲಿ ಕರಗಿಸಿ ತಣಿಸಿಕೊಳ್ಳಿ. ನೇರ ಹಾಕಿದ ಜೇನು ಐಸಿಗೆ ತಾಗಿದ ಕೂಡಲೇ ಶೇಕರಿನ ತಳಕ್ಕೆ ಕಲ್ಲಿನಂತೆ ಅಂಟಿಕೊಳ್ಳುತ್ತದೆ.

ಯಾವ ವಿಸ್ಕಿ ಯಾವುದಕ್ಕೆ

ಬರ್ಬನ್ನಿನ ಧಾನ್ಯದಲ್ಲಿ ಕನಿಷ್ಠ 51 ಶೇಕಡಾ ಮೆಕ್ಕೆಜೋಳ ಇರಬೇಕು, ಅದನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಎಂಬುದು ಅಮೆರಿಕದ ಕಾನೂನು. ಹೊಸ ಪೀಪಾಯಿಯಿಂದ ವೆನಿಲಾ, ಕ್ಯಾರಮೆಲ್, ಮೆಕ್ಕೆಜೋಳದಿಂದ ಸಿಹಿ. ಪುದೀನಕ್ಕೆ ಇದು ಸಹಜ ಜೊತೆ. ರೈ ವಿಸ್ಕಿಯಲ್ಲಿ ಕನಿಷ್ಠ 51 ಶೇಕಡಾ ರೈ. ಕಾಳುಮೆಣಸಿನಂಥ ಖಾರ, ಒಣ ರುಚಿ. ಜುಲೆಪ್ ಸಿಹಿಯಾಯಿತು ಎನ್ನುವವರಿಗೆ ರೈ ಮದ್ದು. ಟೆನೆಸ್ಸಿ ವಿಸ್ಕಿಯನ್ನು ಪೀಪಾಯಿಗೆ ಹಾಕುವ ಮೊದಲು ಇದ್ದಿಲಿನಲ್ಲಿ ಸೋಸುತ್ತಾರೆ, ಬರ್ಬನ್ ಇರುವಲ್ಲೆಲ್ಲ ಅದೂ ನಡೆಯುತ್ತದೆ.

ಐರಿಷ್ ವಿಸ್ಕಿ ಸಾಮಾನ್ಯವಾಗಿ ಹಗುರ, ನಯ. ಜುಲೆಪ್ಪಿನಲ್ಲಿ ಅದು ಕಳೆದೇಹೋಗುತ್ತದೆ. ಸ್ಮ್ಯಾಶಿನಲ್ಲಿ ಪರವಾಗಿಲ್ಲ, ಉದ್ದ ಲೋಟದಲ್ಲಿ ಬಹಳ ಚೆಂದ. ಸ್ಕಾಚಿನಲ್ಲಿ ಹೊಗೆಯ ವಾಸನೆ ಇಲ್ಲದ ಮಿಶ್ರಣಗಳನ್ನು ಸೋಡಾ ಜೊತೆ ಪುದೀನ ಹಾಕಿ ಕುಡಿಯಬಹುದು. ಹೊಗೆಯಾಡುವ ಪೀಟ್ ಸ್ಕಾಚಿಗೆ ಪುದೀನ ಹಾಕಿ ಒಮ್ಮೆ ನೋಡಿದೆ. ಆಸ್ಪತ್ರೆಯ ವರಾಂಡದಲ್ಲಿ ಯಾರೋ ಒಲೆ ಹಚ್ಚಿದಂತಿತ್ತು. ಬೆಲೆಬಾಳುವ ಹದಿನೆಂಟು ವರ್ಷದ ಬಾಟಲಿಗಳ ಬಗ್ಗೆ ಹೇಳಬೇಕಾಗಿಲ್ಲ ಅಲ್ಲವೇ? ಅದನ್ನು ಹಾಗೆಯೇ ಕುಡಿಯಿರಿ.

ಸಕ್ಕರೆಯ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಹರಳು ಸಕ್ಕರೆಯನ್ನು ನೇರ ಹಾಕಬೇಡಿ. ಮದ್ಯದಲ್ಲಿ ಅದು ಕರಗಲು ಒಪ್ಪುವುದಿಲ್ಲ, ತಣ್ಣಗಿನ ಮದ್ಯದಲ್ಲಂತೂ ಇಲ್ಲವೇ ಇಲ್ಲ. ಐಸಿಂಗ್ ಸಕ್ಕರೆಯಲ್ಲಿ ಪಿಷ್ಟ ಬೆರೆಸಿರುವುದರಿಂದ ಪಾನೀಯ ಮಸುಕಾಗುತ್ತದೆ. ಸಕ್ಕರೆ ನೀರು ಸಮತೂಕದಲ್ಲಿ ಹಾಕಿ, ಬೆಚ್ಚಗೆ ಮಾಡಿ ಕರಗಿಸಿ, ಫ್ರಿಜ್ಜಿನಲ್ಲಿಡಿ. ಮೇಲಿನ ಅಳತೆಗಳೆಲ್ಲ ಈ ಪಾಕಕ್ಕೆ. ಜುಲೆಪ್ಪಿಗಾದರೆ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ದಪ್ಪ ಪಾಕ ಉತ್ತಮ, ನೀರು ಸೇರಿಸಲು ಅಲ್ಲಿ ಐಸ್ ಇದ್ದೇ ಇದೆ. ಅದನ್ನು 7-8 ಮಿ.ಲೀ. ಹಾಕಿದರೆ ಸಾಕು.

ಪುದೀನವನ್ನು ಪಾಕದಲ್ಲೇ ಕುದಿಸಿ ಇಟ್ಟುಕೊಂಡರೆ ಆಗದೇ ಎಂಬ ಪ್ರಶ್ನೆ ಬರುತ್ತದೆ. ಕುದಿಸಿದರೆ ಬರುವುದು ಬೆಂದ ಸೊಪ್ಪಿನ ವಾಸನೆ. ಬೇಕೇ ಬೇಕೆಂದರೆ ಎಲೆಗಳನ್ನು ಕುದಿಯುವ ನೀರಿನಲ್ಲಿ ಹದಿನೈದು ಸೆಕೆಂಡು ಅದ್ದಿ, ತಕ್ಷಣ ಐಸ್ ನೀರಿಗೆ ಹಾಕಿ, ಹಿಂಡಿ, ತಣ್ಣಗಿನ ಪಾಕದ ಜೊತೆ ಮಿಕ್ಸರಿಗೆ ಹಾಕಿ ಸೋಸಿ. ಬಿಸಿಗೆ ತಾಗಿದಾಗ ಎಲೆಯನ್ನು ಕಂದಾಗಿಸುವ ಕಿಣ್ವ ಕೆಲಸ ನಿಲ್ಲಿಸುವುದರಿಂದ ಬಣ್ಣ ಪಚ್ಚೆಯಾಗಿ ಉಳಿಯುತ್ತದೆ. ರುಚಿ ಚೆನ್ನಾಗಿಯೇ ಇರುತ್ತದೆ, ಆದರೆ ಮೇಲೆ ತಾಜಾ ಗೊಂಚಲು ಇಡದೆ ಜುಲೆಪ್ ಆಗುವುದಿಲ್ಲ. ಬಾಟಲಿಯಲ್ಲಿ ಬರುವ ಹಸಿರು ಕ್ರೆಮ್ ಡಿ ಮಾಂಥ್ ಎಂಬ ಸಿಹಿ ಪುದೀನ ಮದ್ಯ ಹಾಕುವ ಯೋಚನೆ ಇದ್ದರೆ ಬಿಡಿ, ಅದು ಮೆಂಥಾಲಿನ ಜಾಡು.

ಉಳಿದವು, ಬೇಗ ಬೇಗ

ಕೆಂಟಕಿ ಮೇಡ್ ಸ್ಯಾಮ್ ರಾಸ್ ಎಂಬ ಬಾರ್ಟೆಂಡರ್ ಮಾಡಿದ್ದು: 60 ಮಿ.ಲೀ. ಬರ್ಬನ್, 30 ಮಿ.ಲೀ. ಲೈಮ್ ರಸ, 22 ಮಿ.ಲೀ. ಪಾಕ, ಮೂರು ಹೋಳು ಸೌತೆಕಾಯಿ, ಪುದೀನ. ಸೌತೆ ಜಜ್ಜಿ, ಉಳಿದದ್ದು ಹಾಕಿ ಕುಲುಕಿ ಸೋಸುವುದು. ಲೈಮ್ ಬರ್ಬನ್ನಿಗೆ ಹೊಂದದು ಎಂದು ಈಗಷ್ಟೇ ಬರೆದ ನಾನೇ ಇದನ್ನು ಹೊಗಳುತ್ತಿದ್ದೇನೆ. ಸೌತೆಕಾಯಿ ನಡುವೆ ಕೂತು ಇಬ್ಬರಿಗೂ ರಾಜಿ ಮಾಡಿಸುತ್ತದೆ, ಇಲ್ಲಿ ಸಿಪ್ಪೆ ಜಜ್ಜುವುದೂ ಇಲ್ಲ. ವಿಸ್ಕಿ ಕುಡಿಯದವರು ಇದನ್ನು ಕುಡಿದು ಇದರಲ್ಲಿ ವಿಸ್ಕಿ ಇದೆಯಾ ಎಂದು ಕೇಳುತ್ತಾರೆ. ಸೌತೆಕಾಯಿಯ ತುದಿ ಕಹಿಯಿದೆಯೋ ಎಂದು ಮೊದಲು ತಿಂದು ನೋಡಿ.

ಕೆಂಟಕಿ ಮ್ಯೂಲ್ ಎಂದರೆ ಬರ್ಬನ್, ಲೈಮ್ ರಸ, ಜಿಂಜರ್ ಬಿಯರ್. ಪುದೀನ ಮೇಲೆ ಮಾತ್ರ. ಶುಂಠಿಯ ಖಾರದ ಮುಂದೆ ಲೋಟದೊಳಗಿನ ಪುದೀನಕ್ಕೆ ಮಾತಾಡಲು ಅವಕಾಶವೇ ಸಿಗುವುದಿಲ್ಲವಾದ್ದರಿಂದ ಅದನ್ನು ಜಜ್ಜಿ ವ್ಯರ್ಥ ಮಾಡಬೇಡಿ. ಮೊಹಿಟೊದಲ್ಲಿ ರಮ್ ತೆಗೆದು ವಿಸ್ಕಿ ಹಾಕುವವರಿದ್ದಾರೆ. ನನಗದು ಯಾರದೋ ಅಂಗಿ ತೊಟ್ಟಂತೆ. ಅದಕ್ಕಿಂತ 45 ಮಿ.ಲೀ. ಐರಿಷ್ ವಿಸ್ಕಿ, 10 ಮಿ.ಲೀ. ಪಾಕ, ತಟ್ಟಿದ ಪುದೀನ, ದೊಡ್ಡ ಐಸ್ ತುಂಡುಗಳು, 120 ಮಿ.ಲೀ. ತಣ್ಣಗಿನ ಸೋಡಾ ಮೇಲು. 10 ಶೇಕಡಾ ಆಸುಪಾಸಿನ ಗಟ್ಟಿ, ಸೆಕೆಯ ಮಧ್ಯಾಹ್ನಕ್ಕೆ ಇದೇ ಸರಿ. ಸೋಡಾ ಕೊನೆಗೆ, ಲೋಟದ ಅಂಚಿಗೆ ತಾಗಿಸಿ ಸುರಿಯಿರಿ. ಆಮೇಲೆ ಚಮಚ ಇಳಿಸಿ ಒಂದೇ ಸಲ ಕೆಳಗಿನಿಂದ ಎತ್ತಿ ಬಿಡಿ.

ಮನೆಗೆ ಎಂಟು ಜನ ಬರುವವರಿದ್ದರೆ ಜುಲೆಪ್ಪಿನ ಹೆಸರು ಎತ್ತಬೇಡಿ, ಇಡೀ ಸಂಜೆ ಐಸ್ ಬಡಿಯುತ್ತಲೇ ಇರುತ್ತೀರಿ. ಸ್ಮ್ಯಾಶನ್ನು ಹೂಜಿಯಲ್ಲಿ ಮಾಡಿಡಬಹುದು: ವಿಸ್ಕಿ 480 ಮಿ.ಲೀ., ಲೆಮನ್ ರಸ 160, ಪಾಕ 160, ಕುಡಿಯುವ ನೀರು 200. ಒಟ್ಟು ಒಂದು ಲೀಟರ್. ಕುಲುಕುವಾಗ ಸೇರಬೇಕಿದ್ದ ನೀರಿನ ಬಹುಪಾಲನ್ನು ಇಲ್ಲಿ ಕೈಯಾರೆ ಹಾಕುತ್ತಿದ್ದೇವೆ, ಉಳಿದದ್ದನ್ನು ಲೋಟದ ಐಸ್ ನೋಡಿಕೊಳ್ಳುತ್ತದೆ. ಹಿಂಡುವ ಮೊದಲು ಎರಡು ಲೆಮನ್ನಿನ ಹಳದಿ ಸಿಪ್ಪೆಯನ್ನಷ್ಟೇ ತೆಳ್ಳಗೆ ಹೆರೆದು ಪಾಕದಲ್ಲಿ ಅರ್ಧ ಗಂಟೆ ನೆನೆಸಿದರೆ ಜಜ್ಜಿದ ಘಮ ಇಲ್ಲೂ ಬರುತ್ತದೆ. ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ. ಪುದೀನವನ್ನು ಹೂಜಿಗೆ ಮೊದಲೇ ಹಾಕಿದರೆ ಒಂದು ಗಂಟೆಯಲ್ಲಿ ಕಪ್ಪಗಾಗಿ ತೇಲುತ್ತದೆ, ಆದ್ದರಿಂದ ಅತಿಥಿಗಳು ಕೂತ ಮೇಲೆ ಪ್ರತಿ ಲೋಟಕ್ಕೂ ತಟ್ಟಿ ಹಾಕಿ.

ಕುಡಿಯದವರಿಗೂ ಗಾಡಿ ಓಡಿಸುವವರಿಗೂ ಜುಲೆಪ್ಪಿನ ವೇಷವೇ ಸಾಕಷ್ಟು ಖುಷಿ ಕೊಡುತ್ತದೆ. ಕಡು ಕಪ್ಪು ಚಹಾ ಮಾಡಿ ಪೂರ್ತಿ ತಣಿಸಿ. ವಿಸ್ಕಿಯ ಓಕ್ ಕೊಡುವ ಒಗರು ಚಹಾದಲ್ಲೂ ಇದೆ. 90 ಮಿ.ಲೀ. ಚಹಾ, 15 ಮಿ.ಲೀ. ಪಾಕ, ಪುದೀನ, ಗುಡ್ಡೆ ಐಸ್. ಹಿಮ ಕಟ್ಟಿದ ಲೋಟ, ಮೂಗಿಗೆ ತಾಗುವ ಗೊಂಚಲು ಎಲ್ಲ ಹಾಗೆಯೇ ಇರಲಿ. ಬರ್ಬನ್ ಜುಲೆಪ್ ಒಂದರಲ್ಲಿ ಶುದ್ಧ ಮದ್ಯ ಸುಮಾರು 24 ಗ್ರಾಂ ಇರುತ್ತದೆ, ಸೋಡಾದ ಲೋಟದಲ್ಲಿ 14 ಗ್ರಾಂ. ಎರಡನೆಯದಕ್ಕೆ ಕೈಹಾಕುವಾಗ ಲೋಟ ಎಣಿಸದೆ ಈ ಗ್ರಾಂ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ.

ಕಟ್ಟು ಬಿಚ್ಚಿದ ಮೇಲೆ ಅರ್ಧ ಪುದೀನ ಉಳಿಯುವುದು ಖಚಿತ. ಬುಡವನ್ನು ಒಂದಿಂಚು ಕತ್ತರಿಸಿ, ಲೋಟದ ನೀರಿನಲ್ಲಿ ನಿಲ್ಲಿಸಿ, ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಚೀಲ ಮುಚ್ಚಿ ಫ್ರಿಜ್ಜಿನಲ್ಲಿಡಿ. ಬಾಡಿದ ಗೊಂಚಲನ್ನು ಕುಡಿಯುವ ಹೊತ್ತಿಗೆ ಹತ್ತು ನಿಮಿಷ ಐಸ್ ನೀರಿನಲ್ಲಿ ಮುಳುಗಿಸಿದರೆ ಮತ್ತೆ ತಲೆಯೆತ್ತುತ್ತದೆ. ಇನ್ನೂ ಉಳಿದರೆ ಗಟ್ಟಿ ಕಾಂಡವೊಂದರ ಕೆಳಗಿನ ಎಲೆ ಕಿತ್ತು ಕಿಟಕಿಯ ಬಳಿ ನೀರಿನಲ್ಲಿಡಿ, ಒಂದೆರಡು ವಾರದಲ್ಲಿ ಬಿಳಿ ಬೇರು ಬಿಡುತ್ತದೆ. ನೆಡುವಾಗ ಅದಕ್ಕೆಂದೇ ಒಂದು ಕುಂಡ ಕೊಡಿ. ಬೇರೆ ಗಿಡದ ಜೊತೆ ಇಟ್ಟರೆ ಮಣ್ಣಿನೊಳಗೆ ಹಬ್ಬಿ ಕುಂಡವನ್ನೆಲ್ಲ ತನ್ನದು ಮಾಡಿಕೊಳ್ಳುತ್ತದೆ.